ಉಸಿರು ಹಿಡಿದು ಮಾಡಿದ ಸೆಟ್ಟಿಂಗು

ಅಮರೇಶನಿಗೆ ಅವತ್ತು ನಾನು ಬಾಯಿಗೆ ಬಂದಂತೆ ಬೈಯಬೇಕಿತ್ತು. ಬೈಯಲಿಲ್ಲ, ಯಾಕೆಂದರೆ ಹ್ಯಾಮ್ ರೇಡಿಯೊದಲ್ಲಿ ಬಾಯಿ ಹರಿಬಿಟ್ಟರೆ ಲೈಸೆನ್ಸಿಗೇ ಸಂಚಕಾರ. ಮೈಕನ್ನು ಮೇಜಿನ ಮೇಲೆ ಕುಕ್ಕಿ ಹಲ್ಲು ಕಚ್ಚಿಕೊಂಡು ಕುಳಿತೆ.

ನಡೆದದ್ದು ಇಷ್ಟು. ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಕಡೆಯ ಹ್ಯಾಮ್‌ಗಳೆಲ್ಲ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ಮಾತಾಡುವವರೆಲ್ಲ, ರೇಡಿಯೊದಲ್ಲಿ ಒಂದೇ ಜಾಗದಲ್ಲಿ ಸೇರುತ್ತೇವೆ. ಚಳ್ಳಕೆರೆಯಿಂದ ನಾನು ಮತ್ತು ನನ್ನಪ್ಪ, ಅಂದರೆ ಅಬ್ಬಾ, ಮೊಳಕಾಲ್ಮೂರಿನಿಂದ ಅಮರೇಶ, ಹಿರಿಯೂರು ಚಿತ್ರದುರ್ಗದ ಕಡೆಯಿಂದ ಒಂದಷ್ಟು ಜನ. ಹಾಜರಿ ಕರೆಯುವವರು, ಯಾರು ಮೊದಲು ಯಾರು ಆಮೇಲೆ ಎಂದು ಹೇಳುವವರು ಕೊಂಡ್ಲಹಳ್ಳಿಯ ಬೊಮ್ಮಣ್ಣ. ಪೊಲೀಸ್ ವೈರ್‌ಲೆಸ್‌ನಲ್ಲಿ ದುಡಿದು ರಿಟೈರಾದವರು. ನನಗೆ ಬುದ್ಧಿ ಬಂದಾಗಿನಿಂದ ಈ ಕೂಟ ಶುರುವಾಗುವುದು ಅವರ ದನಿಯಲ್ಲೇ. ಹೋದ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮೋರ್ಸ್ ಸಂಕೇತ ಒತ್ತುತ್ತಿದ್ದ ಕೈಯೇ ಅದು. ಮಾತು ಹೋಗಿ ಮೆಲ್ಲಗೆ ವಾಪಸ್ ಬಂತು, ಆದರೆ ಒಂದೊಂದೇ ಪದ, ನಡುವೆ ದೊಡ್ಡ ದೊಡ್ಡ ಬಿಡುವು.

ಆ ಭಾನುವಾರ ಬೊಮ್ಮಣ್ಣ "ಎಲ್ಲರಿಗೂ..." ಅಂದು ನಿಂತರು. ಸ್ಪೀಕರಿನಲ್ಲಿ ಸುಯ್ಯೆಂದು ಗದ್ದಲ ಏರಿತು. ಏರಿದ್ದೇ ತಡ, ಅಮರೇಶ ನುಗ್ಗಿದ. "ಬೊಮ್ಮಣ್ಣೋರೆ, ನಿಮ್ಮ ಸಿಗ್ನಲ್ ಬಿದ್ದೋಯ್ತು. ಹಾಜರಿ ನಾನೇ ತಗೊಳ್ಳಾ?" ಅವನದು ಫಾರಿನ್ ಸೆಟ್ಟು, ದೊಡ್ಡ ದನಿ. ಅದರ ಕೆಳಗೆ ಬೊಮ್ಮಣ್ಣನ "ನಮಸ್ಕಾರ" ಸಿಕ್ಕಿ ಅಪ್ಪಚ್ಚಿಯಾಯಿತು. ಅವರು ಮತ್ತೆ ಶುರು ಮಾಡಿದರು, ಮತ್ತೆ ಇನ್ಯಾರೋ ನುಗ್ಗಿದರು. ಎಲ್ಲರೂ ಸುಮ್ಮನಾದ ಮೇಲೆ ಬೊಮ್ಮಣ್ಣ ಹೇಳಿದರು: "ಮುಂದಿನ ವಾರಾನೇ... ಕೊನೆ. ಆಮೇಲೆ... ಸೆಟ್ಟು... ಬಿಚ್ಚಿಡ್ತೀನಿ."

ನನಗೆ ಅಳು ಬಂತು. ನನಗೆ ಅಳು ಬಂದರೆ ಕೋಪವೂ ಅದರ ಕೈ ಹಿಡಿದುಕೊಂಡೇ ಬರುತ್ತದೆ. ಆ ಮನುಷ್ಯನಿಗೆ ಉಳಿದಿರುವುದೇ ಆ ಸೆಟ್ಟು. ಫೋನಿನಲ್ಲಿ ಅವರು ಪದ ಹುಡುಕುವಷ್ಟರಲ್ಲಿ ಜನ ಹಲೋ ಹಲೋ ಅಂದು ಕಟ್ ಮಾಡುತ್ತಾರೆ. ಊರಿನ ಕಟ್ಟೆಯ ಮೇಲೆ ಕುಳಿತರೆ ಅವರ ಮಾತನ್ನು ಬೇರೆಯವರೇ ಮುಗಿಸುತ್ತಾರೆ. ಈಗ ನಾವೂ ಅದನ್ನೇ ಮಾಡಿದ್ದೆವು.

ಹಿಂದಿನಿಂದ ಅಬ್ಬಾ ಕೈ ಚಾಚಿ ಸೆಟ್ಟು ಆಫ್ ಮಾಡಿದರು. "ಹೋಗ್ಲಿ ಬಿಡು. ಅವನಿಗೂ ಆರಾಮ ಬೇಕು."

"ಆರಾಮ ಬೇಕು ಅಂತ ಅವರು ನಿಮಗೆ ಹೇಳಿದ್ರಾ? ಆಸ್ಪತ್ರೆಯಿಂದ ಬಂದ ಮ್ಯಾಲೆ ಒಂದ್ಸಲನಾದ್ರೂ ಹೋಗಿ ನೋಡಿದ್ರಾ?"

"ಅಂಗಡಿ ಐತಲ್ಲಮ್ಮ," ಅಂದರು ಅಬ್ಬಾ, ನನ್ನ ಮುಖ ನೋಡದೆ.

ಅಬ್ಬಾ ಅಂದರೆ ಚಾಂದ್ ಪಾಷ, ಚಳ್ಳಕೆರೆಯಲ್ಲಿ ರೇಡಿಯೊ, ಮಿಕ್ಸಿ, ಈಗ ಮೊಬೈಲು ಎಲ್ಲ ರಿಪೇರಿ ಮಾಡುವ ಅಂಗಡಿ. ನಾನು ಮೆಹಜಬೀನ್, ಅದೇ ಅಂಗಡಿಯ ಇನ್ನೊಂದು ಕುರ್ಚಿ. ಅಬ್ಬಾನಿಗೆ ಮೋರ್ಸ್ ಕಲಿಸಿದ್ದು ಬೊಮ್ಮಣ್ಣ, ಬೊಮ್ಮಣ್ಣನಿಗೆ ಸೆಟ್ಟು ಕಟ್ಟಿಕೊಟ್ಟದ್ದು ಅಬ್ಬಾ. ಒಬ್ಬರನ್ನೊಬ್ಬರು ಲೇ ಎಂದೇ ಕರೆಯುವ ಪೈಕಿ. ಲಕ್ವ ಹೊಡೆದ ಗೆಳೆಯನ ಬಾಯಿ ನೋಡಲು ಅಬ್ಬಾನಿಗೆ ಧೈರ್ಯವಿರಲಿಲ್ಲ, ಅಷ್ಟೇ. ಅದಕ್ಕೆ ಅಂಗಡಿಯ ನೆಪ.

ಕೋಪ ಸ್ವಲ್ಪ ಇಳಿದ ಮೇಲೆ ತಲೆ ಓಡಿತು. ಅಮರೇಶ ನುಗ್ಗಿದ್ದು ಯಾವಾಗ? ಸುಯ್ ಎಂದಾಗ. ಉಳಿದವರು ನುಗ್ಗಿದ್ದು? ಆಗಲೇ. ಬೊಮ್ಮಣ್ಣ ಮಾತು ಮುಗಿಸಿ 'ಓವರ್' ಅನ್ನುವವರೆಗೆ ಕಾಯಿರಿ ಎಂದು ಎಲ್ಲರಿಗೂ ಹೇಳಿಯಾಗಿತ್ತು, ಎಲ್ಲರೂ ಹೂಂ ಅಂದಿದ್ದರು. ಆದರೂ ಸುಯ್ ಕೇಳಿದ ತಕ್ಷಣ ಕೈ ತಾನಾಗಿ ಮೈಕಿಗೆ ಹೋಗುತ್ತದೆ. ನನ್ನ ಕೈಯೂ ಹೋಗಿತ್ತು, ಸುಳ್ಳು ಯಾಕೆ.

ಆ ಸುಯ್ ಎಲ್ಲಿಂದ ಬರುತ್ತದೆ ಎಂದು ಹೇಳಬೇಕು. ರಿಸೀವರಿನೊಳಗೆ ಎಜಿಸಿ ಎಂಬ ಏರ್ಪಾಡಿದೆ. ದನಿ ಜೋರಾಗಿ ಬಂದರೆ ಅದು ರಿಸೀವರಿನ ಗೇನನ್ನು, ಅಂದರೆ ದನಿ ಹಿಗ್ಗಿಸುವ ಶಕ್ತಿಯನ್ನು, ತಾನೇ ತಗ್ಗಿಸುತ್ತದೆ, ದನಿ ನಿಂತರೆ ತಾನೇ ಏರಿಸುತ್ತದೆ. ಅದರ ಜೀವ ಒಂದು ಸಣ್ಣ ಕೆಪಾಸಿಟರಿನಲ್ಲಿದೆ. ಅದನ್ನು ತಳದಲ್ಲಿ ತೂತಿರುವ ಕೊಡ ಅಂದುಕೊಳ್ಳಿ. ಯಾರಾದರೂ ಮಾತಾಡುವಾಗ ಕೊಡ ತುಂಬಿರುತ್ತದೆ, ಗೇನ್ ತಗ್ಗಿರುತ್ತದೆ. ಮಾತು ನಿಂತರೆ ಕೊಡ ಸೋರುತ್ತದೆ, ಗೇನ್ ಏರುತ್ತದೆ, ಆಕಾಶದ ಗದ್ದಲವೆಲ್ಲ ಒಳಗೆ ಬರುತ್ತದೆ. ಎದುರಿಗೆ ಕುಳಿತ ಮನುಷ್ಯ ಮಾತು ನಿಲ್ಲಿಸಿದರೆ ಅಲ್ಲಿ ಮೌನ ಇರುತ್ತದೆ. ರೇಡಿಯೊದಲ್ಲಿ ಮಾತು ನಿಲ್ಲಿಸಿದರೆ ಗದ್ದಲ ಇರುತ್ತದೆ. ಗದ್ದಲ ಬಂತು ಅಂದರೆ ಅವನ ಮಾತು ಮುಗಿಯಿತು, ಇನ್ನು ನಮ್ಮ ಸರದಿ.

ನಮ್ಮ ಸೆಟ್ಟುಗಳಲ್ಲಿ ಆ ತೂತು ಬಹಳ ದೊಡ್ಡದು. ಅಬ್ಬಾ ಬೇಕೆಂದೇ ಇಟ್ಟದ್ದು. ನಮ್ಮ ಅಂಗಡಿಯ ಹಿಂದೆಯೇ ಕಡಲೆಕಾಯಿ ಎಣ್ಣೆ ಮಿಲ್ಲು. ಅಲ್ಲಿ ಮೋಟರು ಹಾಕಿದಾಗಲೆಲ್ಲ ರಿಸೀವರಿನಲ್ಲಿ ಚಟ್ ಎಂದು ಕಿಡಿಯ ಸದ್ದು. ಕೊಡ ನಿಧಾನವಾಗಿ ಸೋರಿದರೆ ಪ್ರತಿ ಚಟ್‌ಗೂ ಸೆಟ್ಟು ಒಂದಷ್ಟು ಹೊತ್ತು ಕಿವುಡಾಗುತ್ತದೆ. ಅದಕ್ಕೇ ಅಬ್ಬಾ ಸೆಟ್ಟು ಕಟ್ಟಿದರೆ ಗೇನ್ ಕೂರಿಸುವುದು ಮಿಲ್ಲು ಓಡುವಾಗಲೇ. "ಇಲ್ಲಿ ಕೇಳ್ಸಿದ್ದು ಎಲ್ಲಿ ಬೇಕಾದ್ರೂ ಕೇಳ್ಸತೈತೆ," ಅನ್ನುವುದು ಅವರ ಹೆಮ್ಮೆ. ಅಮರೇಶನೊಬ್ಬನನ್ನು ಬಿಟ್ಟರೆ ಕೂಟದ ಎಲ್ಲರ ಹತ್ತಿರ ಇರುವುದು ಅಬ್ಬಾ ಕಟ್ಟಿದ ಸೆಟ್ಟೇ. ಪಟಪಟ ಮಾತಾಡುವವರಿಗೆ, ಮಿಲ್ಲಿನ ಪಕ್ಕದಲ್ಲಿ ಕೂರಿಸಿದ ಗೇನು. ಕೊಂಡ್ಲಹಳ್ಳಿಯ ಕುರಿಹಟ್ಟಿಯ ಪಕ್ಕ ಕುಳಿತು ಪದ ಹುಡುಕುವವನಿಗೆ ಅದು ಯಾವ ಕರ್ಮಕ್ಕೆ?

"ತೂತು ಚಿಕ್ಕದು ಮಾಡ್ತೀನಿ," ಅಂದೆ. "ಎಲ್ಲಾ ಸೆಟ್ಟಿಗೂ. ಭಾನುವಾರದ ಒಳಗೆ."

"ಹುಚ್ಚು ಹಿಡಿದೈತಾ ನಿನಗೆ? ಮಿಲ್ ಶುರುವಾದ್ರೆ ಸೆಟ್ಟು ಕಲ್ಲಾಗ್ತೈತೆ. ನಾನು ಹಾಕಿರೋ ಸೆಟ್ಟಿಂಗು ಅದು, ಸುಮ್ನೆ ಹಾಕಿಲ್ಲ."

ಮನೆಯಲ್ಲಿ ನಾವು ಉರ್ದು ಮಾತಾಡುವವರು. ಅಂಗಡಿಯ ಜಗಳ ಮಾತ್ರ ಯಾವಾಗಲೂ ಕನ್ನಡದಲ್ಲಿ. ಆ ಜಗಳ ಮುಗಿಸದೆಯೇ ನಾನು ಮಾರನೆಯ ದಿನ ಬಳ್ಳಾರಿ ಕಡೆಯ ಬಸ್ಸು ಹತ್ತಿದೆ.

ಬಿ.ಜಿ. ಕೆರೆಯಲ್ಲಿ ಇಳಿದು ಆಟೊ ಹಿಡಿದು ಕೊಂಡ್ಲಹಳ್ಳಿ ಸೇರಿದಾಗ ಬೊಮ್ಮಣ್ಣನ ಹೆಂಡತಿ ಪಾತಮ್ಮ ಕುರಿಗಳಿಗೆ ನೀರು ಹಾಕುತ್ತಿದ್ದರು. ಬೇವಿನ ಮರದಿಂದ ಹಟ್ಟಿಯ ಗೂಟಕ್ಕೆ ಏರಿಯಲ್ ತಂತಿ ಇನ್ನೂ ಇತ್ತು. ನೋಡಿ ಜೀವ ಬಂತು.

"ಬಾರವ್ವ. ನಿಮ್ಮಪ್ಪ ಬರ್ಲಿಲ್ವಾ?"

"ಅಂಗಡಿ ಐತೆ ಅಂದ್ರು ಚಾಚಿ."

"ಅಂಗಡಿ ಮೊದ್ಲೂ ಇತ್ತಲ್ಲ," ಅಂದರು ಪಾತಮ್ಮ. ನಾನು ತಲೆ ತಗ್ಗಿಸಿ ಒಳಗೆ ಹೋದೆ.

ಬೊಮ್ಮಣ್ಣ ಮಂಚದ ಮೇಲೆ ಕುಳಿತಿದ್ದರು. ಸೆಟ್ಟಿನ ಮೇಲೆ ಟವೆಲ್ ಹೊದಿಸಿಯಾಗಿತ್ತು. ನನ್ನನ್ನು ಕಂಡು ಮುಖದ ಒಂದು ಕಡೆ ನಕ್ಕಿತು. "ಕುಂತ್ಕೋ... ನೀರು..." ಅಂದು ನಿಂತರು. "ನೀರು ಕೊಡ್ಲಾ? ನೀರು ಕುಡೀತೀರಾ?" ಅಂದರು ಪಾತಮ್ಮ ಬಾಗಿಲಿನಿಂದ. ಬೊಮ್ಮಣ್ಣ ಕಣ್ಣು ಮುಚ್ಚಿಕೊಂಡರು. ಅವರು ಹೇಳಬೇಕೆಂದಿದ್ದದ್ದು ನೀರು ಕೊಡು ಅವಳಿಗೆ ಎಂದು.

"ಚಾಚಿ, ನೀವು ಹೇಳ್ಕೊಡಬ್ಯಾಡ್ರಿ," ಅಂದೆ.

"ಒದ್ದಾಡ್ತಾರೆ ಕಣವ್ವ. ನೋಡೋಕಾಗಲ್ಲ."

"ಒದ್ದಾಡ್ಲಿ. ಎಷ್ಟೊತ್ತು ಒದ್ದಾಡ್ತಾರೆ ಅನ್ನೋದೇ ನನಗೆ ಬೇಕಾಗಿರೋದು."

ಪಾತಮ್ಮ ನನ್ನನ್ನು ನೋಡಿದ ನೋಟಕ್ಕೆ ನಾನು ಎದ್ದು ಹೋಗಬೇಕಿತ್ತು. ಬೊಮ್ಮಣ್ಣ ಮಾತ್ರ ನಕ್ಕರು, ಹೊಟ್ಟೆ ಕುಲುಕುವಷ್ಟು. ಲಕ್ವ ಹೊಡೆದ ಮೇಲೆ ಅವರನ್ನು ಯಾರೂ ಹಾಗೆ ಮಾತಾಡಿಸಿರಲಿಲ್ಲವಂತೆ, ಪಾತಮ್ಮನೇ ಆಮೇಲೆ ಹೇಳಿದರು.

"ಚಾಚಾ, ಭಾನುವಾರದ ಹಾಜರಿ ಕರೀರಿ. ಇಲ್ಲೇ, ಮೈಕಿಲ್ದೆ."

ಅವರು ಕರೆದರು. ಅವರು ನಿಂತಲ್ಲಿ ನಾನು ಉಸಿರು ಹಿಡಿದೆ, ಪದ ಬಂದಾಗ ಬಿಟ್ಟೆ. ನನ್ನ ಮೀಟರು ಅದೇ. ಗಡಿಯಾರ ಹಿಡಿದು ಎದುರಿಗೆ ಕುಳಿತರೆ ಅವರಿಗೆ ಇರುವ ಮಾತೂ ಹೋಗುತ್ತಿತ್ತು. "ಎಲ್ಲರಿಗೂ" ಆದ ಮೇಲೆ "ನಮಸ್ಕಾರ"ಕ್ಕೆ ಉಸಿರು ಸುಲಭವಾಗಿ ಸಾಲಿತು. ಹೆಸರುಗಳಿಗೆ ಕಷ್ಟವಾಯಿತು. "ಅಮರೇಶ" ಬಂದಾಗ ಎದೆ ಬಿಗಿದಿತ್ತು. ನನ್ನ ಹೆಸರು ಎರಡು ತುಂಡಾಗಿ ಬಂತು. ಆಮೇಲೆ ಅವರು ಬಾಯಿ ತೆರೆದರು, ಏನೂ ಬರಲಿಲ್ಲ. ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ನನ್ನ ಉಸಿರು ಕಟ್ಟಿ ಕಿವಿಯಲ್ಲಿ ಗುಂಯ್ ಎಂದಿತು. ಎಡಗೈಯಿಂದ ಮಂಚದ ಪಟ್ಟಿಗೆ ಗುದ್ದಿದರು. ಪಾತಮ್ಮ ಗೋಡೆಯ ಕಡೆ ತಿರುಗಿ ನಿಂತರು, ಪಾಪ, ಹೇಳಿಕೊಡಲಿಲ್ಲ. ನಾನು ಸೋತು ಉಸಿರು ಬಿಡುವ ಹೊತ್ತಿಗೆ ಬಂತು: "ಪಾಷಾ."

ಅವರ ಕಣ್ಣಲ್ಲಿ ನೀರಿತ್ತು. "ದಿನಾ... ಕರೀತೀನಿ. ಅದೊಂದೇ... ಬರಲ್ಲ."

ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದು ಟವೆಲ್ ಎಳೆದು ಸೆಟ್ಟು ಬಿಚ್ಚಲು ಶುರು ಮಾಡಿದೆ. ಆ ಹೆಸರು ದಾಟಿ ಬರುವಷ್ಟು ಹೊತ್ತು ಗದ್ದಲ ಏರಬಾರದು. ಅಷ್ಟೇ ನನ್ನ ಲೆಕ್ಕ.

"ನನ್ನ ಸೆಟ್ಟು... ಯಾಕೆ? ಕೆಟ್ಟಿರೋದು... ಬಾಯಿ."

"ಎಲ್ಲಾ ಸೆಟ್ಟೂ ಒಂದೇ ತಾಯಿ ಮಕ್ಳು ಚಾಚಾ. ಇಲ್ಲಿ ಮಿಲ್ಲಿಲ್ಲ, ಗದ್ದಲ ಇಲ್ಲ. ಮೊದ್ಲು ಇಲ್ಲಿ ಸರಿ ಮಾಡ್ಕೊಂತೀನಿ."

ಕೊಡದ ತೂತೇ ಆಗಿದ್ದ ಹಳೆಯ ರೆಸಿಸ್ಟರ್ ಕಿತ್ತು ಅಲ್ಲಿ ಒಂದು ಪ್ರಿಸೆಟ್ ಹಾಕಿದೆ. ತಿರುಗಿಸಿದಂತೆ ತೂತು ಹಿಗ್ಗುವ, ಕುಗ್ಗುವ ಪುಟ್ಟ ತಿರುಪು ಅದು. ನನ್ನ ಹತ್ತಿರ ಒಂದು ಸಿಗ್ನಲ್ ಡಬ್ಬಿಯಿದೆ, ಗುಂಡಿ ಒತ್ತಿದರೆ ರೇಡಿಯೊದಲ್ಲಿ ಯಾರೋ ಮಾತಾಡಿದಷ್ಟೇ ಜೋರಾಗಿ ಕೂಗುತ್ತದೆ. ಗುಂಡಿ ಬೊಮ್ಮಣ್ಣನ ಎಡಗೈಗೆ ಕೊಟ್ಟೆ. ಅವರು ಒತ್ತಿ ಬಿಡುವುದು, ನಾನು ಉಸಿರು ಹಿಡಿಯುವುದು, ಗದ್ದಲ ಬೇಗ ಬಂದರೆ ತಿರುಪು ತುಸು ತಿರುಗಿಸುವುದು. ಸೆಟ್ಟಿನ ಮೇಲಿನ, ಕೊಡದ ಮಟ್ಟ ತೋರಿಸುವ ಮೀಟರಿನ ಮುಳ್ಳು ಮೊದಲು ದಬಕ್ಕನೆ ಬೀಳುತ್ತಿತ್ತು. ಕೊನೆಗೆ ಅದು ಮೇಲೆಯೇ ನಿಂತು, ನನ್ನ ಉಸಿರು ಮುಗಿಯುವ ಹೊತ್ತಿಗೆ ಮೆಲ್ಲಗೆ ಇಳಿಯಿತು. ವೈರ್‌ಲೆಸ್‌ನವರ ಕಣ್ಣು, ಬೊಮ್ಮಣ್ಣ ಆ ಮುಳ್ಳನ್ನೇ ನೋಡುತ್ತಿದ್ದರು.

ಹೊರಡುವಾಗ ಹೇಳಿದೆ: "ಭಾನುವಾರ ನಿಲ್ಸೋದಾದ್ರೆ ನಿಲ್ಸಿ. ಆದ್ರೆ ಹಾಜರಿ ಪೂರ್ತಿ ಕರೆದು ನಿಲ್ಸಿ. ಎಲ್ಲಾ ಹೆಸರೂ."

"ನೋಡೋಣ," ಅಂದರು. ಹೂಂ ಅನ್ನಲಿಲ್ಲ.

ಅಂಗಡಿಗೆ ಬಂದು ನಮ್ಮ ಸೆಟ್ಟಿಗೂ ಅದನ್ನೇ ಮಾಡಿದೆ. ಅದೃಷ್ಟಕ್ಕೆ ಕರೆಂಟು ಹೋಯಿತು. ಬೀದಿಯವರೆಲ್ಲ ಶಾಪ ಹಾಕುವಾಗ ನಾನೊಬ್ಬಳೇ ಖುಷಿಯಾಗಿ ಬ್ಯಾಟರಿಯಲ್ಲಿ ಸೆಟ್ಟು ಹಾಕಿದೆ. ಕೊಂಡ್ಲಹಳ್ಳಿಯಲ್ಲಿ ಆದಷ್ಟೇ ಚೆನ್ನಾಗಿತ್ತು. ಕರೆಂಟು ಬಂತು, ಮಿಲ್ಲು ಎದ್ದಿತು, ಚಟ್ ಎಂದಿತು. ಸೆಟ್ಟು ಸತ್ತಿತು. ಮತ್ತೆ ಉಸಿರು ಬರುವಷ್ಟರಲ್ಲಿ ಇನ್ನೊಂದು ಚಟ್.

"ಹೇಳಿರ್ಲಿಲ್ವಾ?" ಅಂದರು ಅಬ್ಬಾ, ಮಿಕ್ಸಿಯೊಂದರ ಹೊಟ್ಟೆ ಬಗೆಯುತ್ತಾ. "ಉಸಿರು ಹಿಡ್ದು ಸೆಟ್ಟು ಮಾಡ್ತಾಳಂತೆ."

ನಾನು ಬಿಡಲಿಲ್ಲ. ತೂತು ಹಿಗ್ಗಿಸಿದರೆ ಬೊಮ್ಮಣ್ಣನ ಹೆಸರು ಹೋಗುತ್ತದೆ, ಕುಗ್ಗಿಸಿದರೆ ಮಿಲ್ಲು ಕಿವಿ ಕಟ್ಟುತ್ತದೆ. ಕೊಡ ಬದಲಿಸಿದೆ, ಚಿಕ್ಕದು ಹಾಕಿದೆ, ದೊಡ್ಡದು ಹಾಕಿದೆ. ಬೆರಳು ಸುಟ್ಟುಕೊಂಡೆ. ಮೊಬೈಲು ತಂದವರನ್ನು ನಾಳೆ ಬನ್ನಿ ಎಂದು ಅಟ್ಟಿದೆ. ವಾರ ಜಾರುತ್ತಿತ್ತು. ಅಬ್ಬಾ ಮತ್ತೊಮ್ಮೆ ಕೊಂಕು ನುಡಿದಾಗ ತಡೆಯಲಾಗಲಿಲ್ಲ.

"ಅವರಿಗೆ ಎಲ್ಲಾರ ಹೆಸರೂ ಬರ್ತೈತೆ ಅಬ್ಬಾ. ನಿಮ್ದೊಂದೇ ಬರಲ್ಲ. ದಿನಾ ಕುಂತ್ಕೊಂಡು ಅದನ್ನೇ ಕಲೀತಾವ್ರೆ. ನೀವಿಲ್ಲಿ ಮಿಕ್ಸಿ ರಿಪೇರಿ ಮಾಡ್ರಿ."

ಅಬ್ಬಾನ ಕೈ ನಿಂತಿತು. ಎದ್ದು ಹೊರಗೆ ಹೋದರು. ಚಹಾ ಅಂಗಡಿಯ ಮುಂದೆ ಚಹಾ ಕುಡಿಯದೆ ಬಹಳ ಹೊತ್ತು ನಿಂತಿದ್ದನ್ನು ನಾನು ಇಲ್ಲಿಂದಲೇ ನೋಡಿದೆ. ವಾಪಸ್ ಬಂದವರೇ ಡ್ರಾಯರ್ ಎಳೆದು ಹುಡುಕಿ ಒಂದು ರೆಸಿಸ್ಟರ್ ನನ್ನ ಮುಂದೆ ಇಟ್ಟರು.

"ತಳದ ತೂತು ಒಂದನ್ನೇ ನೋಡ್ತೀಯ. ಕೊಡದ ಬಾಯಿ ಚಿಕ್ಕದು ಮಾಡು."

ಹೌದಲ್ಲ, ಎಂದುಕೊಂಡೆ. ಬಾಯಿ ಕಿರಿದಾದರೆ ಒಂದು ಚಟ್‌ಗೆ ಕೊಡ ತುಂಬುವುದಿಲ್ಲ, ಅದು ಬಂದಷ್ಟೇ ಬೇಗ ಹೋಗುತ್ತದೆ. ಮನುಷ್ಯ ಮಾತಾಡಿದರೆ ಮಾತ್ರ ತುಂಬುತ್ತದೆ. ತೀರಾ ಕಿರಿದಾದರೆ ಮಾತಿನ ಮೊದಲ ಅಕ್ಷರ ಸಿಡಿದು ಕಿವಿಗೆ ಹೊಡೆಯುತ್ತದೆ, ಅದನ್ನೂ ನೋಡಬೇಕು. ಅಬ್ಬಾ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ಅವರು ಮಿಲ್ಲಿನ ಚಟ್‌ಗೆ ಕಿವಿ ಕೊಟ್ಟರು, ನಾನು ಉಸಿರಿಗೆ. ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಎರಡೂ ಕೂಡಿ ಬಂದವು. ಆದರೂ ಅಬ್ಬಾನ ಬಾಯಲ್ಲಿ ಕೊಂಡ್ಲಹಳ್ಳಿಯ ಮಾತು ಬರಲಿಲ್ಲ. ನಾನೂ ಕೆಣಕಲಿಲ್ಲ.

ಹಿರಿಯೂರು, ದುರ್ಗದವರನ್ನೆಲ್ಲ ಫೋನಿನಲ್ಲಿ ಹಿಡಿದು ಸೆಟ್ಟು ತರಿಸಿಕೊಂಡು ಮಾಡಿಕೊಟ್ಟೆ. ತರಲಾಗದವರ ಮನೆಗೆ ನಾನೇ ಹೋದೆ. ಉಳಿದವನು ಅಮರೇಶ.

"ನಿನ್ನ ಸೆಟ್ಟಲ್ಲಿ ಎಜಿಸಿ ಸ್ಲೋ ಅಂತ ಒಂದು ಗುಂಡಿ ಐತೆ. ಒತ್ತು."

"ಅದನ್ನ ಯಾವತ್ತೂ ಮುಟ್ಟಿಲ್ಲ ಕಣಕ್ಕ."

"ಮುಟ್ಟು. ಶಾಕ್ ಹೊಡೆಯಲ್ಲ."

ಆ ಕಡೆ ಗುಂಡಿ ಕಟ್ ಎಂದಿತು. "ನಾನು ಬೇಕಂತ ಮಾಡ್ಲಿಲ್ಲಕ್ಕ. ಸಿಗ್ನಲ್ ಹೋತು ಅಂತ್ಲೇ ಅಂದ್ಕೊಂಡಿದ್ದೆ." ಅವನ ದನಿ ಕೇಳಿದರೆ ಸುಳ್ಳಿರಲಿಲ್ಲ. ವಾರವಿಡೀ ಕಾಯ್ದಿಟ್ಟ ಬೈಗುಳ ಹಾಗೇ ಉಳಿಯಿತು.

ಭಾನುವಾರ ಬೆಳಿಗ್ಗೆ ಅಬ್ಬಾ ನನಗಿಂತ ಮೊದಲೇ ಸೆಟ್ಟಿನ ಮುಂದೆ ಕುಳಿತಿದ್ದರು. ಮಿಲ್ಲು ಓಡುತ್ತಿತ್ತು. ಕೊಂಡ್ಲಹಳ್ಳಿಯಿಂದ ದನಿ ಬರುತ್ತದೋ ಇಲ್ಲವೋ ಎಂದು ಸ್ಪೀಕರಿನ ಹತ್ತಿರ ಕಿವಿ ಇಟ್ಟೆ.

"ಎಲ್ಲರಿಗೂ..."

ಬಿಡುವು. ಗದ್ದಲ ಏರಲಿಲ್ಲ. ಮಿಲ್ಲಿನ ಚಟ್ ಬಂದು ಹೋಯಿತು. ಯಾರೂ ನುಗ್ಗಲಿಲ್ಲ.

"...ನಮಸ್ಕಾರ."

ಆ ಒಂದು ಪದಕ್ಕೆ ನಾನು ಕುಳಿತಲ್ಲೇ ಕರಗಿದೆ. ಅವರು ಹಾಜರಿ ಶುರು ಮಾಡಿದರು. ಒಂದೊಂದು ಹೆಸರಿಗೂ ಆ ಕಡೆ ಈ ಕಡೆಯಿಂದ ಹಾಜರ್, ಹಾಜರ್ ಎಂದು ಬಂತು. ಅಮರೇಶನ ಹೆಸರು ಬರಲು ತಡವಾಯಿತು. ಅಷ್ಟು ದೊಡ್ಡ ಸೆಟ್ಟು ಇಟ್ಟುಕೊಂಡವನು ಕೆಮ್ಮದೆ ಕಾದ. ನನ್ನ ಹೆಸರು ಎರಡು ತುಂಡಾಗಿ ಬಂತು, ಹಾಜರ್ ಅಂದೆ. ಇನ್ನು ಉಳಿದದ್ದು ಒಂದೇ.

ಮೌನ. ನಾನು ಉಸಿರು ಹಿಡಿದೆ. ಪಕ್ಕದಲ್ಲಿ ಅಬ್ಬಾನೂ ಹಿಡಿದಿದ್ದರು. ಮೀಟರಿನ ಮುಳ್ಳು ಮೇಲೆಯೇ ನಿಂತಿತ್ತು. ಎದೆ ಬಿಗಿಯಿತು, ಕಿವಿ ಗುಂಯ್ ಎಂದಿತು. ಮುಳ್ಳು ಅಲುಗಿತು, ಇಳಿಯತೊಡಗಿತು. ಇವತ್ತು ಅವರಿಗೆ ಮಂಚದ ಮೇಲೆ ಕುಳಿತು ಕರೆದ ದಿನಕ್ಕಿಂತ ಹೆಚ್ಚು ಹೊತ್ತು ಬೇಕಾಗಿತ್ತು. ನಾನು ಅಳತೆ ಮಾಡಿದ್ದು ಸಾಲಲಿಲ್ಲ. ಗದ್ದಲ ಮೆಲ್ಲಗೆ ಏರಿತು, ಪೂರ್ತಿ ಏರಿತು, ಅಂಗಡಿಯೆಲ್ಲ ಸುಯ್ ಎಂದು ತುಂಬಿತು. ಯಾರೂ ಮೈಕ್ ಒತ್ತಲಿಲ್ಲ. ಅಮರೇಶ ಒತ್ತಲಿಲ್ಲ, ಹಿರಿಯೂರು ಒತ್ತಲಿಲ್ಲ, ದುರ್ಗ ಒತ್ತಲಿಲ್ಲ. ಅಷ್ಟೂ ಹೆಸರುಗಳಿಗೆ ಕಾದು ಕಾದು ಕೈಗಳಿಗೆ ಕಾಯುವುದು ಬಂದುಬಿಟ್ಟಿತ್ತು.

"ಪಾಷಾ."

ಅಬ್ಬಾ ಮೈಕ್ ಎತ್ತಿ ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು. ಬಾಯಿ ತೆರೆದರು, ದನಿ ಬರಲಿಲ್ಲ. "ಹಾಜರ್ ಅನ್ರಿ ಅಬ್ಬಾ," ಎಂದು ಪಿಸುಗುಟ್ಟಿದೆ, ಅದೂ ಮೈಕಿನೊಳಗೆ ಹೋಯಿತು. ತುಟಿ ಕೂಡಿತು, ಬಿಟ್ಟಿತು. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯಿತು. ಗುಂಡಿ ಬಿಟ್ಟರು.

ಕೊಂಡ್ಲಹಳ್ಳಿಯಿಂದ ದನಿ ಬಂತು, ಒಂದೊಂದೇ ಪದವಾಗಿ.

"ನಿಧಾನಕ್ಕೆ... ಹೇಳು ಲೇ. ಇವತ್ತು... ಆಗ್ದಿದ್ರೆ... ಮುಂದಿನ ವಾರ... ಹೇಳು. ನಾನು... ಇಲ್ಲೇ... ಇರ್ತೀನಿ. ಓವರ್."

ಅಬ್ಬಾ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಎದ್ದರು. ಅಂಗಡಿಯ ಬೀಗದ ಕೈ ನನ್ನ ಮುಂದೆ ಇಟ್ಟು, ಚಪ್ಪಲಿ ಹುಡುಕುತ್ತಾ, ಬಿ.ಜಿ. ಕೆರೆಗೆ ಬಸ್ಸು ಎಷ್ಟೊತ್ತಿಗೈತೆ ಎಂದು ಕೇಳಿದರು.